ಬಿಸಿಲುನಾಡಿನ ಎಂಜಿನಿನಲ್ಲಿ ಹಿಮ

ಕೊಲಂಬಿಯಾ ದೇಶದ ಅಮೆಜಾನ್ ಅರಣ್ಯದಲ್ಲಿ 2023ರ ಮೇ 1ರಂದು ಸೆಸ್ನಾ 206 ವಿಮಾನವೊಂದು ಎಂಜಿನು ಕೆಟ್ಟು ಬಿದ್ದು, ಹಿರಿಯರೆಲ್ಲ ಮಡಿದು, ನಾಲ್ವರು ಮಕ್ಕಳು ಮಾತ್ರ 40 ದಿನಗಳ ಅನಂತರ ಜೀವಸಹಿತರಾಗಿ ದೊರೆತ ವಾರ್ತೆ ಬಂದಂದಿನಿಂದ, ನಮ್ಮ ಮಂಡಕಳ್ಳಿಯಲ್ಲಿ ವಿಮಾನ ನಡೆಸಲು ಕಲಿಯುವ ತರುಣರ ತಂದೆತಾಯಿಗಳು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಬರೆದು ಕೇಳುತ್ತಿದ್ದಾರೆ: ಕಾಡುಹೊಳೆಯ ಮೇಲೆ ಹೋಗುವಾಗ ಇರುವ ಒಂದೇ ಎಂಜಿನು ನಿಂತರೆ ಗತಿಯೇನು?

ನಿಂತೊಡನೆ ವಿಮಾನ ನೆಟ್ಟಗೆ ಬೀಳುವುದಿಲ್ಲ. ಕಲಿಕೆಯ ಸೆಸ್ನಾ 172 ಒಂದು ಕಿಲೋಮೀಟರು ಎತ್ತರದಿಂದ, ಎದುರುಗಾಳಿಯಿಲ್ಲದಿದ್ದರೆ, ಸುಮಾರು ಒಂಬತ್ತು ಕಿಲೋಮೀಟರು ದೂರ ತೇಲಿಕೊಂಡು ಹೋಗಬಲ್ಲುದು. ಸೊಬಗು ನೋಡಲೆಂದು ಮರಗಳ ತಲೆಯವರೆಗೆ ಇಳಿದವನಿಗೆ ಆ ಒಂಬತ್ತು ಕಿಲೋಮೀಟರು ಇರುವುದಿಲ್ಲ, ಅಷ್ಟೆ.

ಆದರೆ ಎಂಜಿನು ಏಕೆ ನಿಲ್ಲುತ್ತದೆಂದು ಯಾರೂ ಕೇಳುವುದಿಲ್ಲ! ಕಾರ್ಬ್ಯುರೇಟರಿನ ಇಕ್ಕಟ್ಟಾದ ಕಂಠದಲ್ಲಿ ಗಾಳಿ ನುಗ್ಗಿ ಹಿಗ್ಗುವಾಗ, ಅದರೊಡನೆ ಪೆಟ್ರೋಲು ಬಾಷ್ಪವಾಗುವಾಗ, ಹೂಜಿಯ ನೀರು ತಣಿಯುವ ರೀತಿಯಲ್ಲಿಯೇ, ಆದರೆ ಅದಕ್ಕಿಂತ ಬಹು ಉಗ್ರವಾಗಿ, ಉಷ್ಣತೆ ಇಪ್ಪತ್ತು ಡಿಗ್ರಿಗೂ ಮಿಕ್ಕಿ ಇಳಿಯಬಹುದು. ಹೊರಗೆ 25 ಡಿಗ್ರಿ ಸೆಲ್ಸಿಯಸ್ ಇದ್ದರೂ, ಮಳೆಕಾಡು ಉಸಿರಾಡಿದ ತೇವವೆಲ್ಲ ಅಲ್ಲಿ ಹಿಮವಾಗಿ ಹೆಪ್ಪುಗಟ್ಟಿ ಎಂಜಿನಿನ ಉಸಿರನ್ನೇ ಕಟ್ಟುತ್ತದೆ. ಬೆವರೊರೆಸಿಕೊಳ್ಳುತ್ತಲೇ, "ಹಿಮ ಬೇಕಾದರೆ ಹಿಮಾಲಯಕ್ಕೆ ಹೋಗಬೇಕಲ್ಲವೆ, ಸಾರ್?" ಎಂದು ನಕ್ಕ ಶಿಷ್ಯರನ್ನು ನಾನು ಕಂಡಿದ್ದೇನೆ. ಶುಷ್ಕವಾದ ಚಳಿಗಿಂತ ತೇವದ ಸೆಕೆಯೇ ಇದಕ್ಕೆ ಹೆಚ್ಚು ಅನುಕೂಲವೆಂದರೆ ಪದವೀಧರರೂ ನಂಬುವುದಿಲ್ಲ. ಕೊಲಂಬಿಯಾದ ಆ ವಿಮಾನದ ಮಾತು ಬೇರೆ. ಅದರ ಎಂಜಿನಿಗೆ ಕಾರ್ಬ್ಯುರೇಟರೇ ಇರಲಿಲ್ಲ.

ಎಂಜಿನಿನ ಸುತ್ತುಗಳು ಮೆಲ್ಲಗೆ ಇಳಿಯುವುದೇ ಮೊದಲ ಲಕ್ಷಣ. ಆಗ ಥ್ರಾಟಲನ್ನು ತಳ್ಳಿ ಆ ಲಕ್ಷಣವನ್ನು ಮರೆಮಾಚದೆ, ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟಿನ ಗುಬುಟನ್ನು ಪೂರ್ತಿ ಎಳೆಯಬೇಕು. ಎಳೆದೊಡನೆ ಕರಗಿದ ನೀರು ಒಳನುಗ್ಗಿ ಎಂಜಿನು ನಡುಗುತ್ತದೆ, ಸುತ್ತು ಇನ್ನಷ್ಟು ಕುಗ್ಗುತ್ತದೆ, ಹುಡುಗ ಹೆದರಿ ಗುಬುಟನ್ನು ಮತ್ತೆ ಒಳಕ್ಕೆ ನೂಕುತ್ತಾನೆ. ನೂಕಬಾರದು! ಮತ್ತೊಮ್ಮೆ ಹೇಳುತ್ತೇನೆ: ಎಂಜಿನು ನಡುಗಿದರೆ ಹಿಮ ಕರಗುತ್ತಿದೆಯೆಂದು ಅರ್ಥ, ಸುತ್ತು ತಾನಾಗಿ ಏರುವವರೆಗೆ ಕೈ ತೆಗೆಯಬಾರದು.

ಹೊಳೆಯ ಮಾತಿಗೆ ಕಾಲಾವಕಾಶ ಕಡಿಮೆಯಾಯಿತು. ಹೊನ್ನಾವರದಿಂದ ಶರಾವತಿಗೆ ಎದುರಾಗಿ ಹೋಗುವವನು ಕಣಿವೆಯ ನಡುವೆ ಸಾಗದೆ ಒಂದು ಬದಿಗೆ ಒತ್ತಿಕೊಂಡಿರಲಿ, ತಿರುಗಲು ಇಡೀ ಕಣಿವೆಯ ಅಗಲ ದೊರೆಯುತ್ತದೆ. ಜೋಗದಲ್ಲಿ ಹೊಳೆ 253 ಮೀಟರು ನೆಟ್ಟಗೆ ನಿಂತಿದೆ, ಸಣ್ಣ ವಿಮಾನ ಹಾಗೆ ಏರಲಾರದು; ಏರುವುದೆಲ್ಲ ಗೇರುಸೊಪ್ಪೆಗೆ ಮೊದಲೇ ಮುಗಿದಿರಬೇಕು.