ಡಾಕ್ಟರು ಒಬ್ಬರೇ ಸಾಲದು

(ಆನೇಕಲ್ ಭಾಗದ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲದ ಲೆಕ್ಕ ಮುಗಿಯಿತು. ಈಗ ಸ್ವಲ್ಪ ಆಸ್ಪತ್ರೆ ವಿಷಯ ಮಾತಾಡೋಣ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಫ್ಯಾಕ್ಟರಿಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಮನೆಯವರು ಎದೆ ಹಿಡಿದು ಕೂತರೆ ನಾವು ಏನು ಮಾಡ್ತೀವಿ? ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿಸ್ತೀವಿ. ಆಮೇಲೆ ದೊಡ್ಡ ಡಾಕ್ಟರು ಎಲ್ಲಿ ಅಂತ ಹುಡುಕ್ತೀವಿ.

ಡಾಕ್ಟರು ಬೇಕು, ನಿಜ. ಆದರೆ ಅವರ ಕೈಗೆ ರೋಗಿ ಸಿಗುವ ಮೊದಲೇ ಎಷ್ಟೋ ಕೆಲಸ ಆಗಿರಬೇಕು. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ ಶುರುವಾದ 108 ‘ಆರೋಗ್ಯ ಕವಚ’ ಗಾಡಿಯಲ್ಲಿ ಡ್ರೈವರ್ ಜೊತೆಗೆ ತರಬೇತಿ ಪಡೆದ ಸಿಬ್ಬಂದಿಯೂ ಇರುತ್ತಾರೆ. ನೋವು ಎಷ್ಟು ಹೊತ್ತಿಗೆ ಶುರುವಾಯಿತು, ಬಿ.ಪಿ. ಎಷ್ಟಿತ್ತು, ದಾರಿಯಲ್ಲಿ ಏನು ಕೊಟ್ಟರು ಎಂಬುದನ್ನು ಅವರು ಹೇಳಬಲ್ಲರು. ಕೇಳುವವರು ಬೇಕಷ್ಟೆ.

ಒಂದು ಆಸ್ಪತ್ರೆಯಲ್ಲಿ ನಾವೇ ಕಂಡದ್ದು ಹೇಳುತ್ತೇವೆ. “ಸಾರ್, ಇವರು ತುಂಬಾ ಬೆವರ್ತಾ ಇದಾರೆ, ಇ.ಸಿ.ಜಿ. ತೆಗೀಲಾ?” ಅಂತ ನರ್ಸಮ್ಮ ಕೇಳಿದರು. “ನನಗೆ ಹೇಳಿಕೊಡಬೇಡಿ, ಮೊದಲು ಚೀಟಿ ಮಾಡಿಸಿಕೊಂಡು ಬರಲಿ” ಅಂತ ಉತ್ತರ ಬಂತು. ಅರ್ಧ ಗಂಟೆ ಹೋಯಿತು. ಜೀವವೇನೋ ಉಳಿಯಿತು. ಆದರೆ ಆ ಮನುಷ್ಯ ಈಗ ಹತ್ತು ಹೆಜ್ಜೆ ನಡೆದರೆ ಏದುಸಿರು, ಕೆಲಸವೂ ಹೋಯಿತು. ಸಾಲದ ಕಂತು ಈಗ ಹೆಂಡತಿಯ ಗಾರ್ಮೆಂಟ್ಸ್ ಸಂಬಳದಲ್ಲೇ ಕಟ್ಟಬೇಕು.

ಡಾಕ್ಟರನ್ನು ಬೈಯಿರಿ ಅಂತ ನಾವು ಹೇಳುತ್ತಿಲ್ಲ. ರಾತ್ರಿ ಡ್ಯೂಟಿಯಲ್ಲಿ ಒಬ್ಬರೇ ಇದ್ದಾಗ ಹೆರಿಗೆ, ಅಪಘಾತ, ಹಾವು ಕಡಿತ ಎಲ್ಲಾ ಒಟ್ಟಿಗೆ ಬಂದರೆ ಅವರಾದರೂ ಏನು ಮಾಡ್ತಾರೆ? ಅದಕ್ಕೇ ನರ್ಸಮ್ಮನ ಮಾತಿಗೆ ಬೆಲೆ ಬೇಕು ಅನ್ನೋದು.

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಂತಿರುವುದೇ ಇಂಥ ಒಗ್ಗಟ್ಟಿನ ಮೇಲೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಬ್ಬಂದಿ ಇ.ಸಿ.ಜಿ. ತೆಗೆಯುತ್ತಾರೆ. ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲಿಂದಲೇ ನೋಡಿ ಹೇಳುತ್ತಾರೆ. ಹಾರ್ಟ್ ಅಟ್ಯಾಕ್ ಅಂತ ಖಚಿತವಾಗಿ, ರೋಗಿಗೆ ಕೊಡಬಹುದು ಅಂತಾದರೆ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಹೊರಗೆ ಅದಕ್ಕೆ ಸಾವಿರಾರು ರೂಪಾಯಿ. ಈ ಸರಪಳಿಯಲ್ಲಿ ಒಬ್ಬರು ಇನ್ನೊಬ್ಬರ ಮಾತು ಕೇಳದಿದ್ದರೆ ಇಂಜೆಕ್ಷನ್ ಬೀರುವಿನಲ್ಲೇ ಉಳಿಯುತ್ತದೆ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆ. ಮುಂದಿನ ಸಭೆ ಯಾವಾಗ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರತಿ ಸಂಘದಿಂದ ಇಬ್ಬರು ಪಂಚಾಯಿತಿ ಸದಸ್ಯರನ್ನು ಕರಕೊಂಡು ಹೋಗಿ, ಡಾಕ್ಟರ ಹತ್ತಿರ ಮರ್ಯಾದೆಯಿಂದಲೇ ಕೇಳಿ: ರಾತ್ರಿ ಎದೆನೋವು ಅಂತ ಬಂದರೆ ಇ.ಸಿ.ಜಿ. ಯಾರು ತೆಗೀತಾರೆ? ನರ್ಸಮ್ಮನೇ ಶುರು ಮಾಡಬಹುದಾ? ತಾಲ್ಲೂಕು ಆಸ್ಪತ್ರೆಗೆ ಮುಂಚೆಯೇ ಫೋನ್ ಮಾಡುವವರು ಯಾರು? ಅವರು ಹೇಳಿದ್ದನ್ನು ಸಂಘದ ಪುಸ್ತಕದಲ್ಲಿ ಬರೆದುಕೊಂಡು ಬನ್ನಿ, ಮುಂದಿನ ತಿಂಗಳ ಸಭೆಯಲ್ಲಿ ಎಲ್ಲರೆದುರು ಓದೋಣ.