ಕಸೂತಿಯೂ ಕೈಯ ನಡೆಯೂ



ಧಾರವಾಡ ಸೀಮೆಯ ಕಸೂತಿಯನ್ನು ತಾವೆಲ್ಲರೂ ಬಲ್ಲಿರಿ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ 4 ಬಗೆಯ ಹೊಲಿಗೆಗಳಿಂದ ಗೋಪುರ, ತೇರು, ಆನೆ, ನವಿಲುಗಳು ಸೀರೆಯ ಮೇಲೆ ಮೂಡುವುವು. ಬಟ್ಟೆಯ ಮೇಲೆ ಮೊದಲೇ ಗೆರೆಯನ್ನೆಳೆದುಕೊಳ್ಳುವ ವಾಡಿಕೆ ಇದಕ್ಕಿಲ್ಲ; ಎಳೆಗಳನ್ನು ಎಣಿಸುವುದೇ ದಾರಿ. ದಾರಕ್ಕೆ ಗಂಟನ್ನೂ ಹಾಕಲಾಗದು. ಗವಂತಿಯಲ್ಲಿ ಸೂಜಿಯು ಒಂದೊಂದು ಎಡೆಯನ್ನು ಬಿಟ್ಟು ಮುಂದೆ ಸಾಗಿ, ಮರಳಿ ಬರುವಾಗ ಬಿಟ್ಟ ಎಡೆಗಳನ್ನು ತುಂಬುವುದು. ಆದುದರಿಂದಲೇ ಬಟ್ಟೆಯ ಒಳಮೈ ಹೊರಮೈಗಳೆರಡೂ ಒಂದೇ ಸಮನಾಗಿ ಕಾಣುವುವು.

ಬಾಲ್ಯದಲ್ಲಿ ನಾನು ಅಕ್ಕನ ಕೈಯ ವೇಗವನ್ನು ಕಂಡು ಹಟದಿಂದ ಹೊಲಿಯುತ್ತಿದ್ದೆನು. ಗೋಪುರದ ಬುಡದಲ್ಲಿ ಒಂದು ಎಳೆ ತಪ್ಪಿತು. ಅದು ತಿಳಿದುದು ಸೂಜಿಯು ಮರಳುವಾಗ. ಗೆರೆಗಳು ಕೂಡದೆ ಹೋದುವು. ಇಡೀ ದಿನದ ಕೆಲಸವನ್ನು ಅಳುತ್ತ ಬಿಚ್ಚಿದೆನು. ಆಗ ಅವ್ವ, “ಅಕ್ಕನ ಕೈ ಅಕ್ಕನಿಗೆ. ನಿನ್ನ ಕಣ್ಣು ಎಣಿಸಿದಷ್ಟೇ ನಿನ್ನ ಕೈ ನಡೆಯಲಿ” ಎಂದಳು. ಅಂದಿನಿಂದ ನಿಧಾನವಾಗಿ ಎಣಿಸುತ್ತ ಹೋದೆನು. ಕೆಲವು ದಿನಗಳಲ್ಲಿ ಅಕ್ಕನ ಗೋಪುರವಲ್ಲದ, ನನ್ನದೇ ಆದ ಒಂದು ನವಿಲು ಮೂಡಿತು.

ಯಂತ್ರದ ಹೊಲಿಗೆಯ ಈ ಕಾಲದಲ್ಲಿ ಬೇಗನೆ ಮುಗಿದ ಸೀರೆಗಳು ಬೇಕಾದಷ್ಟು ದೊರೆಯುವುವು. ಆದರೆ ತಾವು ಮಕ್ಕಳ ಕೈಗೆ ಸೂಜಿಯನ್ನು ಕೊಡುವಾಗ ‘ಬೇಗ ಮುಗಿಸು’ ಎನ್ನದೆ, ‘ಎಣಿಸು’ ಎನ್ನಬೇಕೆಂದು ಬೇಡಿಕೊಂಡು ನನ್ನೀ ನಾಲ್ಕು ಮಾತುಗಳನ್ನು ಮುಗಿಸುವೆನು.