ಕೆಂಪಾದ ವಜ್ರ

ಒಡವೆಯ ಮಾತಿನಲ್ಲಿ ನಮಗೆ ‘ಕೆಂಪು’ ಎಂದರೆ ಹರಳಿನ ಹೆಸರು. ಕೆಂಪಿನ ಓಲೆ ಬೇರೆ, ವಜ್ರದ ಓಲೆ ಬೇರೆ. ಎರಡೂ ಒಂದೇ ಹರಳಿನಲ್ಲಿ ಸೇರಬಹುದೆಂದು ಎಣಿಸುವವರು ಕಡಿಮೆ. ಅಮೆರಿಕದಲ್ಲೂ ಎಣಿಸಿರಲಿಲ್ಲ. ಹ್ಯಾಟಿಗೆ ಚುಚ್ಚುವ ಪಿನ್ನಿನ ತುದಿಯಲ್ಲಿ ಕೂತಿದ್ದ ಒಂದು ಕಲ್ಲು, 5.03 ಕ್ಯಾರಟ್, ಅಂದರೆ ಸುಮಾರು ಒಂದು ಗ್ರಾಂ, ಹಳೆಯ ಒಡವೆಗಳ ನಡುವೆ ಬರಿಯ ಗಾರ್ನೆಟ್ ಅನ್ನಿಸಿಕೊಂಡಿತ್ತು. ಬಾಸ್ಟನ್ನಿನ ರತ್ನವ್ಯಾಪಾರಿ ಸಿಡ್ನಿ ಡಿ ಯಂಗ್ ಕೈಗೆ ಬಂದಮೇಲೆ ಅದು ವಜ್ರವೆಂದು ತಿಳಿಯಿತು. ಹಾಗಾದರೆ ಕೆಂಪು ವಜ್ರಗಳು ಅಪರೂಪವೇನಲ್ಲ, ಗುರುತು ಸಿಗದೆ ಎಷ್ಟೋ ಪೆಟ್ಟಿಗೆಗಳಲ್ಲಿ ಮಲಗಿವೆ ಎನ್ನಬಹುದಲ್ಲ? ಒಂದೆರಡು ಇದ್ದೀತು. ಆದರೆ ಪಶ್ಚಿಮ ಆಸ್ಟ್ರೇಲಿಯಾದ ಆರ್ಗೈಲ್ ಗಣಿಯನ್ನು ನೋಡಿ. 1983ರಲ್ಲಿ ಶುರುವಾಗಿ 2020ರಲ್ಲಿ ಮುಚ್ಚುವವರೆಗೆ ಅದು 80 ಕೋಟಿ ಕ್ಯಾರಟ್ಟಿಗೂ ಹೆಚ್ಚು ವಜ್ರ ಕೊಟ್ಟಿತು. ಗುಲಾಬಿ ವಜ್ರಗಳ ತವರಾದ ಅಲ್ಲಿ ಬಣ್ಣದ ಕಲ್ಲನ್ನು ಕಣ್ಣಲ್ಲಿ ಕಣ್ಣಿಟ್ಟು ಆರಿಸುತ್ತಿದ್ದರು. ಆದರೂ ಅಪ್ಪಟ ಕೆಂಪು ಸಿಕ್ಕಿದ್ದು ತೀರಾ ಕೆಲವೇ.

ಕಾರಣ ಬಣ್ಣ ಹುಟ್ಟುವ ರೀತಿಯಲ್ಲೇ ಇದೆ. ಗೋಲ್ಕೊಂಡದ ಸೀಮೆಯಿಂದ ಹೋದ ಹೋಪ್ ವಜ್ರ ನೀಲಿಯಾದದ್ದು ಬೋರಾನ್‌ನಿಂದ. ಹಳದಿ ವಜ್ರಕ್ಕೆ ಸಾರಜನಕ ಸಾಕು. ಕೆಂಪಿಗೆ ಇಂಥ ಬೆರಕೆಯ ಬಣ್ಣವಿಲ್ಲ. ಭೂಮಿಯ ಆಳದಲ್ಲಿ ಹರಳು ನಲುಗಿ, ಇಂಗಾಲದ ಪದರಗಳು ಒಂದರ ಮೇಲೊಂದು ಜಾರುತ್ತವೆ. ಆ ಹರಳು ಹಸಿರು ಬೆಳಕನ್ನು ನುಂಗಿ ನಮಗೆ ಕೆಂಪನ್ನು ಬಿಟ್ಟುಕೊಡುತ್ತದೆ. ಆರ್ಗೈಲ್ ಕಲ್ಲುಗಳನ್ನು ಹಾಗೆ ನಲುಗಿಸಿದ್ದು ಸುಮಾರು 180 ಕೋಟಿ ವರ್ಷಗಳ ಹಿಂದೆ ಭೂಖಂಡಗಳು ಡಿಕ್ಕಿ ಹೊಡೆದದ್ದು. ಆಮೇಲೆ, 130 ಕೋಟಿ ವರ್ಷಗಳ ಹಿಂದೆ, ನೆಲ ಬಿರಿದು ಅವನ್ನು ಮೇಲಕ್ಕೆ ತಂದಿತು. ಆದರೆ ನಲುಗಿದ ವಜ್ರವೆಲ್ಲ ಕೆಂಪಾಗುವುದಿಲ್ಲ. ಆ ಗಣಿಯ ಬಹುಪಾಲು ಕಲ್ಲು ಕಂದು. ಇಂಥದೇ ಏಟು ತಿಂದು ಒಂದು ಕಂದಾಗಿ, ಇನ್ನೊಂದು ಗುಲಾಬಿಯಾಗಿ, ಎಲ್ಲೋ ಒಂದು ಕೆಂಪಾಗುವುದೇಕೆ? ವಿಜ್ಞಾನಿಗಳು ಇದನ್ನು ಇನ್ನೂ ಪೂರ್ತಿ ಬಿಡಿಸಿಲ್ಲ.

ಪ್ರಯೋಗಾಲಯದಲ್ಲೇ ಕೆಂಪು ಮಾಡಬಹುದಲ್ಲ ಎಂಬ ಪ್ರಶ್ನೆಯೂ ನ್ಯಾಯವೇ. ಮಾಡುತ್ತಾರೆ. ವಿಕಿರಣ ಹಾಯಿಸಿ, ಕಾಯಿಸಿ, ಸಾರಜನಕದ ಪಕ್ಕ ಒಂದು ಖಾಲಿ ಜಾಗ ಹುಟ್ಟಿಸುತ್ತಾರೆ, ಬಣ್ಣ ಬರುತ್ತದೆ. ಆದರೆ ಅದು ಬೇರೆ ದಾರಿಯ ಬಣ್ಣ, ಬೆಳಕನ್ನು ಅಳೆಯುವ ಉಪಕರಣ ಎರಡನ್ನೂ ಬಿಡಿಸಿ ಹೇಳುತ್ತದೆ. ಕೊಳ್ಳುವವರಿಗೂ ಈ ಭೇದ ಗೊತ್ತು. ಒಂದು ಕ್ಯಾರಟ್ ಕೂಡ ತುಂಬದ, 0.95 ಕ್ಯಾರಟ್ಟಿನ ಹ್ಯಾನ್‌ಕಾಕ್ ಎಂಬ ಸಹಜ ಕೆಂಪು ವಜ್ರವನ್ನು 1956ರಲ್ಲಿ 13,500 ಡಾಲರಿಗೆ ಕೊಂಡಿದ್ದರು. 1987ರ ನ್ಯೂಯಾರ್ಕ್ ಹರಾಜಿನಲ್ಲಿ ಅದು 8,80,000 ಡಾಲರಿಗೆ ಹೋಯಿತು. ಅದೇ ವರ್ಷ ಡಿ ಯಂಗ್ ವಜ್ರ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯ ಸೇರಿತು. ಹೋಪ್ ಇರುವುದೂ ಅಲ್ಲೇ. ಡಿ ಯಂಗ್ ಕಲ್ಲಿನ ಕೆಂಪಿನೊಳಗೆ ಇವತ್ತಿಗೂ ಒಂದಿಷ್ಟು ಕಂದು ಛಾಯೆ ಉಳಿದಿದೆ.